ಡಾಕರ್ ಮರಳಿಗೆ ಹೊನ್ನಾಳಿಯ ನೂರು ರೂಪಾಯಿ

ಕಳೆದ ವಾರ ನ್ಯಾಮತಿಯ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸುತ್ತಿದ್ದ ಹಾಗೆ ಮನೆಯ ಹುಡುಗ ಬಾಪನ ಹತ್ತಿರ ಮೆಲ್ಲಗೆ ಮಾತು ತೆಗೆದ. ಅವನೂ ಹೊನ್ನಾಳಿ, ಚನ್ನಗಿರಿಯ ಗೆಳೆಯರೂ ಸೇರಿ ಸೌದಿಗೆ ಹೋಗುತ್ತಾರಂತೆ. ಡಾಕರ್ ರ್‍ಯಾಲಿಯಲ್ಲಿ ಓಡುವ ಹವ್ಯಾಸಿ ಬೈಕ್ ಸವಾರರ ಮೇಲೆ ಡಾಕ್ಯುಮೆಂಟರಿ ಮಾಡುತ್ತಾರಂತೆ. "ದುಡ್ಡು?" ಅಂದರು ಬಾಪ. "ಜನರಿಂದ ಎತ್ತುತ್ತೀವಿ ಬಾಪಾ, ಕ್ರೌಡ್ ಫಂಡಿಂಗ್" ಅಂದ. ಬಾಪನ ಕೈ ತಟ್ಟೆಯಲ್ಲೇ ನಿಂತಿತು. "ಅಂದರೆ ಊರವರ ಹತ್ತಿರ ಕೈ ಚಾಚೋದು ಅಂತಾ ಮೋನೆ?"

ಇಂಥ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಎದ್ದಿರಬಹುದು ಅನ್ನಿಸಿ ಈ ವಾರ ಅದನ್ನೇ ಬರೆಯುತ್ತಿದ್ದೇವೆ.

ಜನರ ದುಡ್ಡಿನ ಸಿನಿಮಾ ಹೊಸದಲ್ಲ

1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. 10 ಲಕ್ಷ ರೂಪಾಯಿ ಕೂಡಿತು. ಶ್ಯಾಮ್ ಬೆನಗಲ್ ನಿರ್ದೇಶಿಸಿದ ಆ ಚಿತ್ರದ ನಾಯಕ ನಮ್ಮ ಗಿರೀಶ್ ಕಾರ್ನಾಡ್. ಸುಮಾರು ಅರ್ಧ ಶತಮಾನ ಕಳೆದ ಮೇಲೆ, 2024ರಲ್ಲಿ ಅದರ ಹೊಸ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಇದೆ. ನಿರ್ಮಾಪಕರು ಸಿಗದಾಗ ಅವರು ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 110 ಮಂದಿಯಿಂದ 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಬಂತು. 2013ರ ಜುಲೈಯಲ್ಲಿ ಚಿತ್ರ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆಯಿತು, ಸೆಪ್ಟೆಂಬರಿನಲ್ಲಿ ಇಲ್ಲಿ ತೆರೆ ಕಂಡಿತು. ಒಂದು ಮಾತು ಮರೆಯಬಾರದು. ದುಡ್ಡು ಕೇಳುವ ಹೊತ್ತಿಗೆ ಪವನ್ ಕುಮಾರ್ 'ಲೈಫು ಇಷ್ಟೇನೆ' ಮಾಡಿ ತೋರಿಸಿದ್ದರು. ಜನ ದುಡ್ಡು ಹಾಕಿದ್ದು ಕನಸನ್ನು ನೋಡಿ ಮಾತ್ರವಲ್ಲ, ಆದ ಕೆಲಸವನ್ನೂ ನೋಡಿ.

ನಮ್ಮ ಭಾಷೆಯ ಮೊದಲ ಚಿತ್ರ 'ಬ್ಯಾರಿ' 2011ರ ಅತ್ಯುತ್ತಮ ಕಥಾಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಸಿನಿಮಾ ನಮಗಾಗುವ ಕೆಲಸವಲ್ಲ ಅನ್ನುವವರಿಗೆ ಅದೊಂದೇ ಸಾಕು.

ಮೋಟಾರು ಓಟದಲ್ಲೂ ನಮ್ಮ ಕಡೆಯವರಿದ್ದಾರೆ

ಡಾಕರ್ ರ್‍ಯಾಲಿ 1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಹೊರಟಿತು. 2009ರಲ್ಲಿ ದಕ್ಷಿಣ ಅಮೆರಿಕಕ್ಕೆ, 2020ರಲ್ಲಿ ಸೌದಿ ಅರೇಬಿಯಾಕ್ಕೆ ಹೋಯಿತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಮುಗಿಸಿ, ಡಾಕರ್ ಪೂರ್ತಿ ಮಾಡಿದ ಮೊದಲ ಭಾರತೀಯರಾದರು. ಅವರೇ 2021ರ ಜನವರಿಯಲ್ಲಿ ಸೌದಿಯ ಮರಳಲ್ಲಿ ಬಿದ್ದು ತಲೆಗೆ ಏಟಾಗಿ ರಿಯಾದ್‌ನ ಆಸ್ಪತ್ರೆ ಸೇರಿದ್ದರು. ಕೇರಳದ ಹರಿತ್ ನೋವಾ 2024ರಲ್ಲಿ ರ್‍ಯಾಲಿ-2 ವಿಭಾಗ ಗೆದ್ದರು. ಕಾಸರಗೋಡಿನ ಮೂಸಾ ಶರೀಫ್ ಅವರ ಹೆಸರು ದೇಶದ ರ್‍ಯಾಲಿ ವಲಯದಲ್ಲಿ ಗೊತ್ತಿಲ್ಲದವರಿಲ್ಲ. ಚಾಲಕನ ಪಕ್ಕ ಕೂತು ತಿರುವು, ಇಳಿಜಾರನ್ನು ಮೊದಲೇ ಕೂಗಿ ಹೇಳುವ ನ್ಯಾವಿಗೇಟರ್ ಅವರು. ರಾಷ್ಟ್ರೀಯ ಚಾಂಪಿಯನ್‌ಪಟ್ಟ ಹಲವು ಸಲ ಅವರ ಪಾಲಿಗೆ ಬಂದಿದೆ.

ಡಾಕರ್‌ನಲ್ಲಿ ಕಂಪನಿ ತಂಡಗಳ ನಡುವೆ ಒಂದು ಬಡ ವಿಭಾಗವೂ ಇದೆ. ಅಲ್ಲಿ ಸವಾರನಿಗೆ ಮೆಕ್ಯಾನಿಕ್ ಇಲ್ಲ. ಹಗಲೆಲ್ಲ ಓಡಿಸಿ, ರಾತ್ರಿ ಟೆಂಟ್ ಪಕ್ಕ ತಾನೇ ಚೈನು, ಟಯರು ಬಿಚ್ಚಿ ಸರಿ ಮಾಡಿಕೊಳ್ಳಬೇಕು. ಇವರ ಕಥೆ ಹಿಡಿಯಬೇಕು ಅನ್ನುವುದು ಈ ಹುಡುಗರ ಆಸೆ. ಆಸೆ ಒಳ್ಳೆಯದೇ.

ಆದರೆ ದುಡ್ಡಿನ ಮಾತು ಮೊದಲು

ನಮ್ಮದೇ ಅನುಭವ ಹೇಳಿಬಿಡುತ್ತೇವೆ. ಕೆಲವು ವರ್ಷದ ಹಿಂದೆ ಪರಿಚಯದ ಹುಡುಗರ ಕಿರುಚಿತ್ರಕ್ಕೆ ನಾವೂ ಸಾವಿರ ರೂಪಾಯಿ ಕೊಟ್ಟಿದ್ದೆವು. ಚಿತ್ರ ಬರಲಿಲ್ಲ, ಲೆಕ್ಕವೂ ಬರಲಿಲ್ಲ. ದುಡ್ಡು ಹೋಗಿದ್ದಕ್ಕೆ ಬೇಜಾರಿರಲಿಲ್ಲ. ಆಮೇಲೆ ಒಂದು ಮದುವೆ ಮನೆಯಲ್ಲಿ ಆ ಹುಡುಗರು ನಮ್ಮನ್ನು ಕಂಡು ಬೇರೆ ಬಾಗಿಲಿಂದ ಹೊರಗೆ ಹೋದರಲ್ಲ, ಅದು ಬೇಜಾರು. ಸಾವಿರ ರೂಪಾಯಿಯ ಜೊತೆ ಒಂದು ಸಂಬಂಧವೂ ಹೋಯಿತು.

ಅದಕ್ಕೇ ಕೆಲವು ವಿಷಯ ಮೊದಲೇ ತಿಳಿದಿರಲಿ. ಸಿನಿಮಾಕ್ಕೆ ಕೊಡುವ ದುಡ್ಡು ದಾನವೋ, ಬದಲಿಗೆ ಟಿಕೆಟ್ ಅಥವಾ ತೆರೆಯ ಮೇಲೆ ಹೆಸರು ಸಿಗುತ್ತದೋ ಎಂದು ಬರೆದು ಹೇಳಬೇಕು. "ಲಾಭದಲ್ಲಿ ಪಾಲು ಕೊಡ್ತೀವಿ" ಎಂದು ಕಂಡ ಕಂಡವರಿಂದ ದುಡ್ಡು ಎತ್ತಿದರೆ ಅದು ಹೂಡಿಕೆಯ ಮಾತಾಗುತ್ತದೆ, ಸೆಬಿಯ ನಿಯಮಗಳು ಅಡ್ಡ ಬರುತ್ತವೆ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಒಬ್ಬನ ಖಾತೆಗೆ ಉಡುಗೊರೆಯಾಗಿ ಬಂದರೆ ಅಷ್ಟೂ ಮೊತ್ತ ಅವನ ಆದಾಯಕ್ಕೆ ಸೇರಿ ತೆರಿಗೆಗೆ ಬರುತ್ತದೆ. ಗಲ್ಫ್‌ನಲ್ಲಿರುವ ಮಾಮ, ಕಾಕ ಕೊಡುವುದಿದ್ದರೆ ಬ್ಯಾಂಕಿನ ಮೂಲಕವೇ ಕೊಡಲಿ. ಭಾರತದ ಪಾಸ್‌ಪೋರ್ಟ್ ಇರುವವರ ಸ್ವಂತ ಉಳಿತಾಯದ ದುಡ್ಡು ಒಂದು ಬಗೆ, ವಿದೇಶಿ ಪೌರರ ದುಡ್ಡು ಇನ್ನೊಂದು ಬಗೆ. ಎರಡನೆಯದಕ್ಕೆ ವಿದೇಶಿ ವಂತಿಗೆ ಕಾಯ್ದೆ ಇದೆ. ಒಬ್ಬ ಆಡಿಟರನ್ನು ಮೊದಲೇ ಕೇಳುವುದು ಲೇಸು.

ಖರ್ಚಿನ ಪಟ್ಟಿಯಲ್ಲಿ ವಿಮಾನದ ಟಿಕೆಟ್ ಮಾತ್ರ ಬರೆದರೆ ಆಗದು. ಕ್ಯಾಮೆರಾ ಒಯ್ದು ಸುಂಕವಿಲ್ಲದೆ ವಾಪಸು ತರಲು 'ಎಟಿಎ ಕಾರ್ನೆ' ಎಂಬ ಕಾಗದವಿದೆ, ಭಾರತದಲ್ಲಿ ಅದನ್ನು ಕೊಡುವುದು ಫಿಕ್ಕಿ. ಓಟದ ಒಳಗೆ ಚಿತ್ರೀಕರಿಸಲು ಸಂಘಟಕರ ಅನುಮತಿ ಬೇಕು, ಡ್ರೋನ್ ಹಾರಿಸಲು ಆ ದೇಶದ ಅನುಮತಿ ಬೇಕು. ವಿಮೆ ಬೇಕು. ಸಂತೋಷ್ ಅವರಂಥ ಅನುಭವಿಯೇ ಬಿದ್ದ ಜಾಗ ಅದು.

ಮನೆಯ ಹತ್ತಿರವೇ ಶುರುವಾಗಲಿ

ಆ ರಾತ್ರಿ ನಾವು ಹುಡುಗನಿಗೆ ಒಂದು ಮಾತು ಹೇಳಿದೆವು. ದೀಪಾವಳಿ ಕಳೆದ ಮೇಲೆ ಹೊನ್ನಾಳಿ, ನ್ಯಾಮತಿ ಕಡೆ ಹೋರಿ ಹಬ್ಬ ನಡೆಯುತ್ತದಲ್ಲ, ಅದರ ಧೂಳಲ್ಲಿ ನಿಂತು ಹತ್ತು ನಿಮಿಷದ ಚಿತ್ರ ಮಾಡು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ನಡೆದಾಗ ಹೋಗಿ ಬಾ. ಜಗಳೂರಿನ ಒಣ ನೆಲದಲ್ಲಿ ಬೈಕ್ ಓಡಿಸುವ ಹುಡುಗರಿದ್ದರೆ, ಹೆಲ್ಮೆಟ್ ಹಾಕಿಸಿ, ಅವರನ್ನೂ ಹಿಡಿ. ಆ ಚಿತ್ರವನ್ನೂ ಅದರ ಖರ್ಚಿನ ಪುಸ್ತಕವನ್ನೂ ಊರವರ ಮುಂದಿಡು. ಆಮೇಲೆ ಸೌದಿಯ ಮಾತು ತೆಗೆದರೆ ಅದು ಕೈ ಚಾಚುವುದಲ್ಲ, ಕೆಲಸಕ್ಕೆ ಪಾಲುದಾರರನ್ನು ಕರೆಯುವುದು.

ಬಾಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಜನರ ದುಡ್ಡು ಅಮಾನತ್ತು ಮೋನೆ. ಮುಗಿಯದಿದ್ದರೆ ವಾಪಸು ಕೊಡ್ತೀನಿ ಅಂತ ಮೊದಲೇ ಬರೆದು ಕೊಡ್ತೀಯಾ?" ಎಂದು ಕೇಳಿದರು. ಹುಡುಗ ಯೋಚಿಸಿ, "ಕೊಡ್ತೀನಿ ಬಾಪಾ" ಅಂದ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಮ್ಮ ಒಳಗೆ ಹೋಗಿ ನೂರು ರೂಪಾಯಿಯ ನೋಟು ತಂದು ಮೇಜಿನ ಮೇಲಿಟ್ಟರು. "ಹೋರಿ ಸಿನಿಮಾಕ್ಕೆ ಇದು. ಇದಕ್ಕೂ ಲೆಕ್ಕ ಬೇಕು" ಅಂದರು.

ಹುಡುಗ ಹಳೇ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಉಮ್ಮನ ಹೆಸರು ಬರೆದ, ಎದುರಿಗೆ 100 ಎಂದು ಬರೆದ. ನಾವೂ ನೂರು ರೂಪಾಯಿ ಕೊಟ್ಟು ಎರಡನೆಯ ಸಾಲಿನಲ್ಲಿ ಹೆಸರು ಬರೆಸಿಕೊಂಡು ಬಂದೆವು.