ಅರ್ಜಿ ನಡೆದ ದಾರಿಯ ಪಾಠ

ತಂದೆಯವರು ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ನಾನು ತಾಲ್ಲೂಕು ಕಚೇರಿಗೆ ಮೂರು ಬಾರಿ ಅರ್ಜಿ ಸಲ್ಲಿಸಬೇಕಾಯಿತು. ಮೊದಲ ಎರಡು ದಾಖಲೆ ಸಾಲದೆಂದು ತಿರಸ್ಕೃತವಾದವು, ಮೂರನೆಯದು ಮಂಜೂರಾಯಿತು. ಪ್ರತಿ ಅರ್ಜಿಗೂ ಹೊಸ ಸಂಖ್ಯೆ, ಹೊಸ ಗಡುವು. ಮೂರೂ ಗಡುವಿನೊಳಗೇ ವಿಲೇವಾರಿಯಾದವು. ಕಚೇರಿಯ ಲೆಕ್ಕದಲ್ಲಿ ವಿಳಂಬವೇ ಇಲ್ಲ. ನನ್ನ ಲೆಕ್ಕದಲ್ಲಿ ಹನ್ನೊಂದು ತಿಂಗಳು. ವಿಚಿತ್ರವೆಂದರೆ ಎರಡು ಲೆಕ್ಕವೂ ಸರಿ.

ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕನಾದ ನನಗೆ ಈ ಒಗಟಿನ ಉತ್ತರ ದೊರೆತದ್ದು ತರಗತಿಗೆ ಪಾಠ ಸಿದ್ಧಪಡಿಸುವಾಗ. ದತ್ತಾಂಶ ವಿಜ್ಞಾನದಲ್ಲಿ ಪ್ರೊಸೆಸ್ ಮೈನಿಂಗ್ ಎಂಬ ಶಾಖೆಯೊಂದಿದೆ. ಇದನ್ನು ಬೆಳೆಸಿದವರಲ್ಲಿ ನೆದರ್ಲೆಂಡ್ಸ್‌ನ ವಿಲ್ ವಾನ್ ಡರ್ ಆಲ್ಸ್ಟ್ ಪ್ರಮುಖರು. 2011ರಲ್ಲಿ ಅವರ ಪಠ್ಯಪುಸ್ತಕ ಪ್ರಕಟವಾಯಿತು. ಈ ಶಾಸ್ತ್ರಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ: ಯಾವ ಪ್ರಕರಣ, ಯಾವ ಕೆಲಸ, ಯಾವ ಹೊತ್ತು. ಈ ಮೂರು ಕಲಮುಗಳಿಂದ, ಕಡತ ನಿಜವಾಗಿ ನಡೆದ ದಾರಿಯ ನಕ್ಷೆಯನ್ನು ಗಣಕಯಂತ್ರ ಬಿಡಿಸಿಕೊಡುತ್ತದೆ. ಅದು ನಿಯಮ ಹೇಳಿದ ದಾರಿಯೇ, ಎಲ್ಲಿ ತಂಗಿತು, ಎಲ್ಲಿಂದ ಹಿಂದಿರುಗಿತು ಎಂಬುದು ಆಗ ಗೋಚರಿಸುತ್ತದೆ.

ನಮ್ಮ ವಿದ್ಯಾರ್ಥಿಗಳು ಇದನ್ನು ಅಭ್ಯಾಸ ಮಾಡುವುದು ಬಹುಪಾಲು ಹೊರದೇಶದ ದಾಖಲೆಗಳ ಮೇಲೆ. 2015ರ ಅಂತರರಾಷ್ಟ್ರೀಯ ಸ್ಪರ್ಧೆಗಾಗಿ ಐದು ಡಚ್ ಪುರಸಭೆಗಳ ಕಟ್ಟಡ ಪರವಾನಗಿ ಅರ್ಜಿಗಳ ವಿವರಗಳನ್ನು ಬಿಡುಗಡೆ ಮಾಡಲಾಗಿತ್ತು. ಕಾನೂನು ಒಂದೇ ಆದರೂ ಐದು ಕಡೆ ಕೆಲಸ ಹೇಗೆ ಭಿನ್ನವಾಗಿ ಸಾಗುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಅದೇ ಪ್ರಶ್ನೆಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಬಗ್ಗೆ ಏಕೆ ಕೇಳಬಾರದು? ಇಲ್ಲಿಯೂ ಕಾನೂನು ಒಂದೇ, 'ಭೂಮಿ' ತಂತ್ರಾಂಶವೂ ಒಂದೇ. ಮ್ಯುಟೇಶನ್ ಅರ್ಜಿಯ ಹಂತಗಳು ದಿನಾಂಕದೊಡನೆ ದಾಖಲಾಗುತ್ತವೆ. 2012ರಲ್ಲಿ ಜಾರಿಗೆ ಬಂದ 'ಸಕಾಲ'ವಂತೂ ಗಡುವನ್ನೇ ಹಕ್ಕಾಗಿಸಿತು.

ಆದರೆ ಈ ಶಾಸ್ತ್ರದ ನಿಜವಾದ ಪಾಠ ಗಣಿತದಲ್ಲಿಲ್ಲ. 'ಪ್ರಕರಣ' ಎಂದರೇನು ಎಂಬ ನಿರ್ಧಾರದಲ್ಲಿದೆ. ಅರ್ಜಿಯ ಸಂಖ್ಯೆಯನ್ನು ಪ್ರಕರಣವೆಂದು ಹಿಡಿದರೆ ನನ್ನ ಮೂರು ಅರ್ಜಿಗಳೂ ನಿರ್ದೋಷ. ಜಮೀನಿನ ಸರ್ವೆ ನಂಬರನ್ನು ಪ್ರಕರಣವೆಂದು ಹಿಡಿದರೆ ಆ ಮೂರೂ ಒಂದೇ ಸರದಲ್ಲಿ ಪೋಣಿಸಿಕೊಂಡು ಹನ್ನೊಂದು ತಿಂಗಳು ಎದ್ದು ಕಾಣುತ್ತವೆ. ದತ್ತಾಂಶ ಬದಲಾಗಲಿಲ್ಲ, ಕೇಳುವವರು ಯಾರ ಪಕ್ಕದಲ್ಲಿ ನಿಂತಿದ್ದಾರೆ ಎಂಬುದು ಬದಲಾಯಿತು. ದಾಖಲೆಗೆ ಸಿಗದ ಸಂಗತಿಗಳೂ ಉಂಟು. 'ನಾಳೆ ಬಾ' ಎಂದು ಕಿಟಕಿಯಿಂದಲೇ ಹಿಂದಿರುಗಿಸಿದವನಿಗೆ ಸಂಖ್ಯೆಯಿಲ್ಲ. ಆತ ಕಳೆದುಕೊಂಡ ದಿನಗೂಲಿಗೆ ಕಲಮಿಲ್ಲ. ಇಲ್ಲದ ಸಾಲನ್ನು ಗುರುತಿಸಲು ವಿದ್ಯಾರ್ಥಿ ಕಚೇರಿಯ ಜಗಲಿಯ ಮೇಲೆ ಒಂದು ದಿನ ಕೂರಲೇಬೇಕು.

ಇದು ನೌಕರರನ್ನು ಕಟಕಟೆಗೆ ತರುವ ವಿದ್ಯೆಯಾಗಬಾರದು. ಕಡತ ತಂಗಿದ ಮೇಜು ತಪ್ಪಿತಸ್ಥನ ಮೇಜೇ ಆಗಬೇಕಿಲ್ಲ. ಹಲವು ಗ್ರಾಮಗಳ ಹೊಣೆ ಹೊತ್ತ ಒಬ್ಬನೇ ಗ್ರಾಮ ಆಡಳಿತಾಧಿಕಾರಿಯದೂ ಆಗಿರಬಹುದು. ನಕ್ಷೆ ಅವನ ಹೊರೆಯನ್ನೂ ತೋರಿಸುತ್ತದೆ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೇ ಇಂದು ವಿಶ್ವವಿದ್ಯಾಲಯವಿದೆ; ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಕಂದಾಯ ಇಲಾಖೆ ಹೆಸರು, ವಿಳಾಸಗಳನ್ನು ಅಳಿಸಿ, ಸರ್ವೆ ನಂಬರುಗಳ ಬದಲು ಗುಪ್ತ ಸಂಕೇತಗಳನ್ನಿತ್ತು, ನಾಲ್ಕು ತಾಲ್ಲೂಕುಗಳ ಒಂದು ವರ್ಷದ ದಾಖಲೆಯನ್ನು ಇಂಥ ಸಂಸ್ಥೆಗಳಿಗೆ ಒದಗಿಸಿದರೆ ಖರ್ಚು ಹೆಚ್ಚೇನೂ ಆಗದು. ಡಚ್ ಪುರಸಭೆಯ ಪರವಾನಗಿಯನ್ನು ಅರ್ಥಮಾಡಿಕೊಳ್ಳಬಲ್ಲ ನಮ್ಮ ಮಕ್ಕಳಿಗೆ ತಮ್ಮ ತಂದೆಯ ಪಹಣಿ ಎಲ್ಲಿ ನಿಂತಿದೆ ಎಂಬುದೂ ಅರ್ಥವಾಗಲಿ.