ಮೊಳೆ ಸಿಗುತ್ತೆ, ಚಿನ್ನ ಯಾಕೆ ಸಿಗಲ್ಲ?

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಟೆಕ್ನಿಕಲ್ ಲೇಖನ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಸೆಕೆಂಡ್ ಇಯರ್ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ಮೂವರು ಸೇರಿ ಕಡಿಮೆ ಬೆಲೆಯ ಒಂದು ಪಲ್ಸ್ ಇಂಡಕ್ಷನ್ ಮೆಟಲ್ ಡಿಟೆಕ್ಟರ್ ಕಿಟ್ ತರಿಸಿ ಸೋಲ್ಡರ್ ಮಾಡಿದ್ವಿ. ಅದು ಮೊದಲ ಸಲ 'ಕುಂಯ್' ಅಂದ ದಿನ ಹಾಸ್ಟೆಲ್‌ನಲ್ಲಿ ಎಲ್ಲರದ್ದೂ ಒಂದೇ ಡೈಲಾಗ್: "ಮಗಾ, ನಡಿ ಕೆಜಿಎಫ್‌ಗೆ!" ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಕೆಜಿಎಫ್ ಆಮೇಲೆ ನೋಡ್ಕೊಳಪ್ಪ. ಹಿತ್ತಲಲ್ಲಿ ಕಳೆದುಹೋದ ನನ್ನ ಮೂಗುಬೊಟ್ಟು ಹುಡುಕಿಕೊಡು ಮೊದಲು" ಅಂದ್ರು. ಅದು ಅಮ್ಮನ ಮದುವೆಗೆ ಅಜ್ಜಿ ಕೊಟ್ಟಿದ್ದು. ಬಟ್ಟೆ ಒಗೆಯೋವಾಗ ತಿರುಪು ಸಡಿಲ ಆಗಿ ಬಿದ್ದುಹೋಗಿತ್ತು.

ಊರಿಗೆ ಹೋದಾಗ ಇಡೀ ಭಾನುವಾರ ಹಿತ್ತಲು ಜಾಲಾಡಿದೆ. ಮೊಳೆ ಸಿಕ್ತು, ಸೋಡಾ ಬಾಟಲಿ ಮುಚ್ಚಳ ಸಿಕ್ತು, ಎತ್ತಿನ ಲಾಳದ ಚೂರು ಸಿಕ್ತು. ಮೂಗುಬೊಟ್ಟು ಸಿಗಲಿಲ್ಲ. ಅನುಮಾನ ಬಂದು ಅತ್ತೆಯ ಮೂಗುಬೊಟ್ಟು ಇಸ್ಕೊಂಡು ಕಾಯಿಲ್ ಮೇಲೇ ಇಟ್ಟೆ. ಡಿಟೆಕ್ಟರ್ ಪಿಟಿಕ್ ಅನ್ನಲಿಲ್ಲ! ಚಿನ್ನ ಹುಡುಕೋ ಮೆಷಿನ್‌ಗೆ ಕಣ್ಣೆದುರಿನ ಚಿನ್ನವೇ ಕಾಣ್ತಿಲ್ಲ. ಯಾಕೆ, ಅದನ್ನ ಸರಿ ಮಾಡೋದು ಹೇಗೆ ಅನ್ನೋದೇ ಈ ಲೇಖನ.

ಕೆಜಿಎಫ್ ಯಾಕೆ ಬೇಡ?

ಮೊದಲು ಈ ವಿಷಯ ಮುಗಿಸಿಬಿಡೋಣ. ಕೋಲಾರದ ಚಿನ್ನ ಗಟ್ಟಿ ಬಂಡೆಯ ಒಳಗೆ, ಬೆಣಚುಕಲ್ಲಿನ ಪದರಗಳಲ್ಲಿ ಸಣ್ಣ ಸಣ್ಣ ಕಣಗಳಾಗಿ ಹರಡಿಕೊಂಡಿದೆ. ಅದಕ್ಕೋಸ್ಕರ 3 ಕಿಲೋಮೀಟರ್‌ಗಿಂತ ಆಳಕ್ಕೆ ಗಣಿ ತೋಡಿದ್ರು. 2001ರಲ್ಲಿ ಗಣಿ ಮುಚ್ಚಿತು. ಅಂಥ ಕಣಗಳು ಯಾವ ಮೆಟಲ್ ಡಿಟೆಕ್ಟರ್‌ಗೂ ಸಿಗಲ್ಲ. ಜೊತೆಗೆ ನಮ್ಮ ದೇಶದಲ್ಲಿ 1957ರ ಗಣಿ ಮತ್ತು ಖನಿಜ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಖನಿಜ ಹುಡುಕೋ ಹಾಗಿಲ್ಲ.

ಡಿಟೆಕ್ಟರ್ ಹಿಡ್ಕೊಂಡು ಚಿನ್ನ ಹುಡುಕೋ ನಿಜವಾದ ಜಾಗ ಅಂದ್ರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಅಲ್ಲಿ ಚಿನ್ನ ಗಟ್ಟಿಗಳಾಗಿ ಮೇಲ್ಮಣ್ಣಿನಲ್ಲೇ ಸಿಗುತ್ತೆ. 1980ರಲ್ಲಿ ಕಿಂಗೋವರ್ ಹತ್ತಿರ ಒಬ್ಬರಿಗೆ ಮೆಟಲ್ ಡಿಟೆಕ್ಟರ್‌ನಿಂದ ಸಿಕ್ಕ 'ಹ್ಯಾಂಡ್ ಆಫ್ ಫೇತ್' ಅನ್ನೋ ಗಟ್ಟಿಯ ತೂಕ ಸುಮಾರು 27 ಕೆ.ಜಿ.! ಸರ್ಕಾರದಿಂದ 'ಮೈನರ್ಸ್ ರೈಟ್' ಅನ್ನೋ ಪರವಾನಗಿ ತಗೊಂಡು ಜನ ಅಲ್ಲಿ ಹವ್ಯಾಸಕ್ಕೂ ಚಿನ್ನ ಹುಡುಕ್ತಾರೆ. ದೊಡ್ಡ ಗಟ್ಟಿಗಳು ಹೆಚ್ಚುಕಮ್ಮಿ ಖಾಲಿ. ಈಗ ಉಳಿದಿರೋದು ಬಹುಪಾಲು ಅಕ್ಕಿಕಾಳಿನಷ್ಟು ಚೂರುಗಳು. ಅಂದ್ರೆ ಅಮ್ಮನ ಮೂಗುಬೊಟ್ಟಿನ ಸೈಜು. ಹಾಗಾಗಿ ಅವರ ಸಮಸ್ಯೆ ಮತ್ತು ನನ್ನ ಸಮಸ್ಯೆ ಎರಡೂ ಒಂದೇ.

ಬಾವಿಗೆ ಕೂಗಿದ ಹಾಗೆ

ಬಾವಿಯೊಳಗೆ ಬಗ್ಗಿ 'ಓ' ಅಂತ ಕೂಗಿ ಸುಮ್ಮನಾದ್ರೆ ಪ್ರತಿಧ್ವನಿ ಕೇಳುತ್ತೆ. ಕೂಗ್ತಾನೇ ಇದ್ರೆ ಕೇಳಲ್ಲ. ಪಲ್ಸ್ ಇಂಡಕ್ಷನ್ ಕೂಡ ಹೀಗೇ. ನಮ್ಮ ಕಿಟ್‌ನ ಕಾಯಿಲ್ 20 ಸೆಂ.ಮೀ. ವ್ಯಾಸ, 27 ಸುತ್ತು, ಸುಮಾರು 300 ಮೈಕ್ರೋಹೆನ್ರಿ. ಅದಕ್ಕೆ ಒಂದು ಮಾಸ್‌ಫೆಟ್ ಮೂಲಕ 100 ಮೈಕ್ರೋಸೆಕೆಂಡ್ ಕಾಲ 12 ವೋಲ್ಟ್ ಕೊಟ್ರೆ ಕರೆಂಟ್ ಸುಮಾರು 3 ಆಂಪಿಯರ್‌ಗೆ ಏರುತ್ತೆ. ಆಮೇಲೆ ಮಾಸ್‌ಫೆಟ್ ಪಟ್ ಅಂತ ಆಫ್. ಕಾಯಿಲ್‌ನ ಕಾಂತಕ್ಷೇತ್ರ ಕುಸಿಯುತ್ತೆ, ಆ ಬದಲಾವಣೆಗೆ ನೆಲದಲ್ಲಿರೋ ಲೋಹದಲ್ಲಿ ಎಡ್ಡಿ ಕರೆಂಟ್ ಸುತ್ತೋಕೆ ಶುರುವಾಗುತ್ತೆ. ಅದು ನಿಧಾನವಾಗಿ ಸಾಯೋವಾಗ ಅದೇ ಕಾಯಿಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತೆ. ಅದೇ ನಮ್ಮ ಪ್ರತಿಧ್ವನಿ.

ತೊಂದರೆ ಏನಂದ್ರೆ, ಆಫ್ ಆದ ತಕ್ಷಣ ಕಾಯಿಲ್‌ನಲ್ಲೇ 400 ವೋಲ್ಟ್‌ವರೆಗೆ ಕಿಕ್ ಬರುತ್ತೆ. ನಾವು ಕೇಳಬೇಕಿರೋದು ಮೈಕ್ರೋವೋಲ್ಟ್‌ಗಳ ಪಿಸುಮಾತು. ಆ ಕಿಕ್ ಪೂರ್ತಿ ಸಾಯೋವರೆಗೂ ಕಾಯಲೇಬೇಕು. ನಮ್ಮ ಕಿಟ್ ಕಾಯ್ತಿದ್ದದ್ದು 15 ಮೈಕ್ರೋಸೆಕೆಂಡ್.

ಅಷ್ಟರಲ್ಲಿ ಚಿನ್ನದ ಪ್ರತಿಧ್ವನಿ ಏನಾಗಿರುತ್ತೆ? ಗುಂಡಗಿನ ಲೋಹದ ಚೂರಿನ ಟೈಮ್ ಕಾನ್‌ಸ್ಟಂಟ್ ಅದರ ವಾಹಕತೆ ಮತ್ತು ತ್ರಿಜ್ಯದ ವರ್ಗ, ಇವೆರಡರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತೆ. 2 ಮಿ.ಮೀ. ವ್ಯಾಸದ ಶುದ್ಧ ಚಿನ್ನದ ಗುಂಡಿಗೆ ಲೆಕ್ಕ ಹಾಕಿದ್ರೆ ಸುಮಾರು 5 ಮೈಕ್ರೋಸೆಕೆಂಡ್ ಬರುತ್ತೆ. 6 ಮಿ.ಮೀ. ಗುಂಡಿಗೆ ಅದರ 9 ಪಟ್ಟು. ನೆಲದಲ್ಲಿ ಸಿಗೋ ಚಿನ್ನದಲ್ಲಿ ಬೆಳ್ಳಿ ಬೆರೆತಿರುತ್ತೆ, ಒಡವೆ ಚಿನ್ನದಲ್ಲಿ ತಾಮ್ರನೂ ಇರುತ್ತೆ. ಬೆರಕೆ ಆದ ಕೂಡಲೇ ವಾಹಕತೆ ಜೋರಾಗಿ ಬೀಳುತ್ತೆ. ಹಾಗಾಗಿ ಅಷ್ಟೇ ಸೈಜಿನ ಬೆರಕೆ ಚೂರಿಗೆ 2 ಮೈಕ್ರೋಸೆಕೆಂಡ್ ಅಂತ ಇಟ್ಕೊಳ್ಳಿ. 15 ಮೈಕ್ರೋಸೆಕೆಂಡ್ ಕಾದ್ರೆ ಅದರ ಸಿಗ್ನಲ್ ಸಾವಿರದ ಒಂದು ಪಾಲಿಗಿಂತ ಕಮ್ಮಿ. ಮೊಳೆ, ಮುಚ್ಚಳಗಳದ್ದು ಆಗಲೂ ಗಟ್ಟಿಯಾಗೇ ಇರುತ್ತೆ. ನಾವು ಕಿವಿಗೊಡೋ ಹೊತ್ತಿಗೆ ಮೂಗುಬೊಟ್ಟು ಮಾತಾಡಿ ಮುಗಿಸಿರುತ್ತೆ, ಅಷ್ಟೇ.

ನಾವು ಮಾಡಿದ ಮೊದಲ ತಪ್ಪು

ನಮ್ಮ ಟೀಮ್‌ನ ಮೊದಲ ಐಡಿಯಾ: ಇನ್ನೂ ಜೋರಾಗಿ ಕೂಗೋಣ. 12 ವೋಲ್ಟ್ ಬದಲು 24 ವೋಲ್ಟ್ ಕೊಟ್ವಿ. ಹತ್ತು ನಿಮಿಷದಲ್ಲಿ ಮಾಸ್‌ಫೆಟ್ ಸುಟ್ಟ ವಾಸನೆ. ಲ್ಯಾಬ್‌ನಲ್ಲಿ ಸರ್ ಕೇಳಿದ್ದು ಒಂದೇ ಪ್ರಶ್ನೆ: "ಲೆಕ್ಕ ಮಾಡಿದ್ರೇನ್ರಪ್ಪಾ?"

ಮಾಡಿರಲಿಲ್ಲ. ಆಮೇಲೆ ಮಾಡಿದ್ವಿ. ಕಾಯಿಲ್‌ನಲ್ಲಿರೋ ಶಕ್ತಿ ಕರೆಂಟಿನ ವರ್ಗಕ್ಕೆ ಅನುಪಾತ, ಹಾಗಾಗಿ ಬಿಸಿ ಆಗಿದ್ದು 4 ಪಟ್ಟು. ಲಾಭ? 400 ವೋಲ್ಟ್‌ನಲ್ಲಿ 3 ಆಂಪಿಯರ್ ಇಳಿಯೋಕೆ ಸುಮಾರು 2 ಮೈಕ್ರೋಸೆಕೆಂಡ್ ಬೇಕು, 6 ಆಂಪಿಯರ್‌ಗೆ 4. ಕಾಂತಕ್ಷೇತ್ರ ಬದಲಾಗೋ ವೇಗ ಎರಡರಲ್ಲೂ ಒಂದೇ, ಬದಲಾಗೋ ಕಾಲ ಮಾತ್ರ ಜಾಸ್ತಿ. ಸಣ್ಣ ಚೂರು ಆ ವೇಗಕ್ಕೆ ಬೇಗ ಒಗ್ಗಿಕೊಳ್ಳುತ್ತೆ, ಹಾಗಾಗಿ ಅದರ ಸಿಗ್ನಲ್ ಹೆಚ್ಚಾಗೋದು ಸುಮಾರು ಮೂರನೇ ಒಂದಂಶ ಮಾತ್ರ. ಇನ್ನೊಂದು ಕಹಿ ಸತ್ಯ: ಕಾಯಿಲ್‌ನಿಂದ ದೂರ ಹೋದ ಹಾಗೆ ಸಣ್ಣ ವಸ್ತುವಿನ ಸಿಗ್ನಲ್ ದೂರದ 6ನೇ ಘಾತದಲ್ಲಿ ಬೀಳುತ್ತೆ. ಹೋಗೋವಾಗ ಮೂರು, ಬರೋವಾಗ ಮೂರು. ಮೂರನೇ ಒಂದಂಶ ಸಿಗ್ನಲ್ ಜಾಸ್ತಿ ಆದ್ರೆ ಆಳದಲ್ಲಿ ಸಿಗೋದು ಶೇ. 5 ಅಷ್ಟೇ.

ಈಗ ಕಾಯೋ ಸಮಯವನ್ನ 15ರಿಂದ 9 ಮೈಕ್ರೋಸೆಕೆಂಡ್‌ಗೆ ಇಳಿಸಿದ್ರೆ? 2 ಮೈಕ್ರೋಸೆಕೆಂಡ್ ಚೂರಿನ ಸಿಗ್ನಲ್ 20 ಪಟ್ಟು ಆಗುತ್ತೆ, ಆಳ ಶೇ. 65 ಹೆಚ್ಚು. ಅಂದ್ರೆ ಜೋರಾಗಿ ಕೂಗೋದಕ್ಕಿಂತ ಬೇಗ ಸುಮ್ಮನಾಗೋದು ಮುಖ್ಯ. ಇಡೀ ಪ್ರಾಜೆಕ್ಟ್‌ನಲ್ಲಿ ನಾನು ಕಲಿತಿದ್ದು ಈ ಒಂದು ವಾಕ್ಯ.

ಬೇಗ ಸುಮ್ಮನಾಗಿಸೋದು ಹೇಗೆ?

ಮೊದಲನೇದು, ಕೆಪಾಸಿಟೆನ್ಸ್ ಇಳಿಸೋದು. ಸುತ್ತುಗಳ ನಡುವೆ, ಕೇಬಲ್‌ನಲ್ಲಿ, ಶೀಲ್ಡ್‌ನಲ್ಲಿ, ಮಾಸ್‌ಫೆಟ್ ಒಳಗೆ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಕೆಪಾಸಿಟೆನ್ಸ್ ಇರುತ್ತೆ. ನಮ್ಮದು ಒಟ್ಟು ಸುಮಾರು 1500 ಪಿಕೋಫ್ಯಾರಡ್ ಇತ್ತು. ಕಿಕ್ ಸಾಯೋ ಸಮಯ ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್ ಗುಣಲಬ್ಧದ ವರ್ಗಮೂಲಕ್ಕೆ ಅನುಪಾತ. 400 ವೋಲ್ಟ್‌ನಿಂದ 100 ಮೈಕ್ರೋವೋಲ್ಟ್‌ಗೆ ಇಳಿಯೋಕೆ 1500 ಪಿಕೋಫ್ಯಾರಡ್‌ಗೆ ಸುಮಾರು 12 ಮೈಕ್ರೋಸೆಕೆಂಡ್, 500ಕ್ಕೆ ಸುಮಾರು 7. ಕರೆಂಟ್ ಇಳಿಯೋ 2 ಸೇರಿಸಿದ್ರೆ 9.

ಇದಕ್ಕೆ ಮಾಡಿದ್ದು ಮೂರು ಕೆಲಸ. ಎನಾಮಲ್ ತಂತಿ ತೆಗೆದು ದಪ್ಪ ಇನ್ಸುಲೇಷನ್ ಇರೋ ಸಣ್ಣ ಎಳೆಗಳ ಟೆಫ್ಲಾನ್ ತಂತಿಯಲ್ಲಿ ಕಾಯಿಲ್ ಸುತ್ತಿದ್ವಿ. ಇನ್ಸುಲೇಷನ್ ದಪ್ಪ ಇದ್ರೆ ಸುತ್ತುಗಳ ನಡುವೆ ಅಂತರ ಸಿಗುತ್ತೆ. ಎಳೆಗಳು ಸಣ್ಣ ಇದ್ರೆ ತಂತಿಯೇ ಒಂದು ಟಾರ್ಗೆಟ್ ಆಗಿ ಕೂಗಲ್ಲ. ಎರಡು, ಶೀಲ್ಡ್ ಮತ್ತು ಕಾಯಿಲ್ ನಡುವೆ ಕೆಲವು ಮಿ.ಮೀ. ಅಂತರಕ್ಕೆ ಸ್ಪಾಂಜ್ ಪಟ್ಟಿ ಸುತ್ತಿದ್ವಿ. ಮೂರು, ಮಾಸ್‌ಫೆಟ್‌ಗೆ ಸರಣಿಯಲ್ಲಿ ಒಂದು ಫಾಸ್ಟ್ ಡಯೋಡ್ ಹಾಕಿದ್ವಿ. ಆಫ್ ಆದ ಮೇಲೆ ಮಾಸ್‌ಫೆಟ್ ಒಳಗಿನ ಕೆಪಾಸಿಟೆನ್ಸ್ ಕಾಯಿಲ್‌ಗೆ ಕಾಣಿಸೋದಿಲ್ಲ.

ಎರಡನೇದು, ಡ್ಯಾಂಪಿಂಗ್ ರೆಸಿಸ್ಟರ್. ಬಾಗಿಲಿನ ಡೋರ್ ಕ್ಲೋಸರ್ ನೆನಪಿಸಿಕೊಳ್ಳಿ. ಸಡಿಲ ಇದ್ರೆ ಬಾಗಿಲು ಬಡಿದು ಮತ್ತೆ ತೆರೆಯುತ್ತೆ, ಬಿಗಿ ಜಾಸ್ತಿ ಆದ್ರೆ ಮುಚ್ಚೋಕೆ ಯುಗ ಹಿಡಿಯುತ್ತೆ. ಸರಿಯಾದ ಬೆಲೆ ಅಂದ್ರೆ ಇಂಡಕ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿದ್ದು. 1500 ಪಿಕೋಫ್ಯಾರಡ್‌ಗೆ 224 ಓಮ್, 500ಕ್ಕೆ 387. ಕೆಪಾಸಿಟೆನ್ಸ್ ಇಳಿಸಿ ಹಳೇ ರೆಸಿಸ್ಟರ್ ಬಿಟ್ರೆ ಏನೂ ಪ್ರಯೋಜನ ಇಲ್ಲ. ನಾವು ಒಂದು ವಾರ ಇದೇ ತಪ್ಪು ಮಾಡಿ ತಲೆ ಕೆಡಿಸಿಕೊಂಡ್ವಿ. ಟ್ರಿಮ್‌ಪಾಟ್ ಹಾಕಿ, ಸ್ಕೋಪ್ ನೋಡ್ಕೊಂಡು ಅಡ್ಜಸ್ಟ್ ಮಾಡಿ.

ಮೂರನೇದು, ಆಂಪ್ಲಿಫೈಯರ್. ಕಿಟ್‌ನಲ್ಲಿ ಒಂದೇ ಎನ್‌ಇ 5534 ಐಸಿ 1000 ಪಟ್ಟು ವರ್ಧಿಸ್ತಿತ್ತು. ಡೇಟಾಶೀಟ್ ಪ್ರಕಾರ ಅದರ ಗೇನ್ ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್. 1000ದಿಂದ ಭಾಗಿಸಿದ್ರೆ ಉಳಿಯೋದು 10 ಕಿಲೋಹರ್ಟ್ಸ್, ಅಂದ್ರೆ ಟೈಮ್ ಕಾನ್‌ಸ್ಟಂಟ್ ಸುಮಾರು 16 ಮೈಕ್ರೋಸೆಕೆಂಡ್! ಕಾಯಿಲ್ ಸುಮ್ಮನಾದ್ರೂ ಆಂಪ್ಲಿಫೈಯರ್ ಇನ್ನೂ ಗೊಣಗ್ತಾ ಇರುತ್ತೆ. ಅದೇ ಕೆಲಸವನ್ನ 32 ಪಟ್ಟಿನ ಎರಡು ಹಂತಗಳಿಗೆ ಹಂಚಿದ್ರೆ ಒಂದೊಂದರದ್ದು ಸುಮಾರು ಅರ್ಧ ಮೈಕ್ರೋಸೆಕೆಂಡ್. ಒಂದು ಐಸಿ ಜಾಸ್ತಿ, ಖರ್ಚು ಒಂದು ಮಸಾಲೆ ದೋಸೆಯಷ್ಟು.

ಮಣ್ಣಿನ ಸದ್ದು

ಲ್ಯಾಬ್ ಟೇಬಲ್ ಮೇಲೆ ಮೂಗುಬೊಟ್ಟು ಈಗ ಚೆನ್ನಾಗಿ ಕೇಳ್ತಿತ್ತು. ಖುಷಿಯಲ್ಲಿ ಊರಿಗೆ ತಗೊಂಡು ಹೋದ್ರೆ ಕೆಂಪು ಮಣ್ಣಿನ ಮೇಲೆ ಎಲ್ಲಿ ಇಟ್ರೂ 'ಕುಂಯ್'! ಬೇಗ ಕೇಳೋಕೆ ಶುರು ಮಾಡಿದ್ರೆ ಮಣ್ಣಿನ ಸದ್ದೂ ಕೇಳುತ್ತೆ. ಮಣ್ಣಿನಲ್ಲಿರೋ ಕಬ್ಬಿಣದ ಆಕ್ಸೈಡ್‌ಗಳಲ್ಲಿ ಕೆಲವು, ಅದರಲ್ಲೂ ಮ್ಯಾಗ್‌ಹೆಮೈಟ್, ಕಾಂತತ್ವವನ್ನ ನಿಧಾನವಾಗಿ ಬಿಡುತ್ತವೆ. ಆಸ್ಟ್ರೇಲಿಯಾದ ಚಿನ್ನದ ನೆಲಗಳ ದೊಡ್ಡ ತಲೆನೋವು ಇದೇ. ಅಲ್ಲಿನ ಮೈನ್‌ಲ್ಯಾಬ್ ಕಂಪನಿಗೆ ಬ್ರೂಸ್ ಕ್ಯಾಂಡಿ ರೂಪಿಸಿದ ಎಸ್‌ಡಿ 2000 ಡಿಟೆಕ್ಟರ್ 1995ರಲ್ಲಿ ಬಂದಾಗ ಹೆಸರು ಮಾಡಿದ್ದು ಈ ಮಣ್ಣನ್ನ ನಿಭಾಯಿಸಿದ್ದಕ್ಕೆ.

ಉಪಾಯದ ಮೂಲ ಸರಳ. ಮಣ್ಣಿನ ಸದ್ದು ಕಾಲಕ್ಕೆ ವಿಲೋಮ ಅನುಪಾತದಲ್ಲಿ ಇಳಿಯುತ್ತೆ. 10 ಮೈಕ್ರೋಸೆಕೆಂಡ್‌ನಲ್ಲಿ ಇದ್ದದ್ದು 20ರಲ್ಲಿ ಸರಿಯಾಗಿ ಅರ್ಧ. 5 ಮೈಕ್ರೋಸೆಕೆಂಡ್ ಚಿನ್ನ ಹಾಗಲ್ಲ, ಅಷ್ಟರಲ್ಲಿ 7 ಪಟ್ಟು ಬಿದ್ದಿರುತ್ತೆ. ಹಾಗಾಗಿ ಎರಡು ಸ್ಯಾಂಪಲ್ ತಗೊಂಡು, ಮೊದಲನೆಯದರಿಂದ ಎರಡನೆಯದರ ಎರಡರಷ್ಟು ಕಳೆದ್ರೆ ಮಣ್ಣು ಸೊನ್ನೆ, ಚಿನ್ನದ್ದು ಶೇ. 70ಕ್ಕಿಂತ ಹೆಚ್ಚು ಉಳಿಯುತ್ತೆ.

ಆದ್ರೆ ಪುಕ್ಕಟೆ ಏನೂ ಸಿಗಲ್ಲ. 10ರಿಂದ 20 ಮೈಕ್ರೋಸೆಕೆಂಡ್‌ಗೆ ಸರಿಯಾಗಿ ಅರ್ಧ ಆಗೋ ಲೋಹವೂ ಮಣ್ಣಿನ ಜೊತೆ ಮಾಯ! ಆ ಟೈಮ್ ಕಾನ್‌ಸ್ಟಂಟ್ 14.4 ಮೈಕ್ರೋಸೆಕೆಂಡ್. ಅಂದ್ರೆ ಸುಮಾರು 3.3 ಮಿ.ಮೀ. ವ್ಯಾಸದ ಶುದ್ಧ ಚಿನ್ನದ ಗುಂಡು ಕಾಯಿಲ್‌ಗೆ ತಾಗಿಸಿದ್ರೂ ಸದ್ದಿಲ್ಲ. ಅದಕ್ಕೆ ದುಬಾರಿ ಡಿಟೆಕ್ಟರ್‌ಗಳು ಬೇರೆ ಬೇರೆ ಉದ್ದದ ಪಲ್ಸ್ ಕಳಿಸಿ, ಒಂದರ ಕುರುಡು ಜಾಗವನ್ನ ಇನ್ನೊಂದರಿಂದ ತುಂಬ್ತವೆ. ಬಡವರ ಉಪಾಯ ನಮ್ಮದು: ಒಂದು ಸ್ವಿಚ್. ಒಂದು ಸಲ ಮಣ್ಣು ಕಳೆದು ಹುಡುಕೋದು, ಅನುಮಾನ ಇರೋ ಜಾಗದಲ್ಲಿ ಸ್ವಿಚ್ ತೆಗೆದು ಮತ್ತೊಮ್ಮೆ.

ಕೊನೆಗೆ

ದಸರಾ ರಜೆಯಲ್ಲಿ ಹಿತ್ತಲಿಗೆ ದಾರ ಕಟ್ಟಿ ಪಟ್ಟಿ ಪಟ್ಟಿಯಾಗಿ ಭಾಗ ಮಾಡಿ ಹುಡುಕಿದೆ. ಮೊದಲ ದಿನ ಬರೀ ಬ್ಲೇಡ್ ಚೂರು, ಮಾತ್ರೆಯ ಅಲ್ಯೂಮಿನಿಯಂ ಹಾಳೆ. ಪಲ್ಸ್ ಇಂಡಕ್ಷನ್‌ಗೆ ಯಾವ ಲೋಹ ಅಂತ ಹೇಳೋಕೆ ಬರಲ್ಲ, ಎಲ್ಲವನ್ನೂ ಅಗೆದೇ ನೋಡಬೇಕು. "ಹೀರೆಬಳ್ಳಿ ಬುಡ ಮುಟ್ಟಿದ್ರೆ ನೋಡು" ಅಂತ ಅಮ್ಮ ಬಾಗಿಲಲ್ಲೇ ನಿಂತು ಕಾವಲು. ಎರಡನೇ ದಿನ ಒಗೆಯೋ ಕಲ್ಲಿನ ನೀರು ಹರಿಯೋ ಕಡೆ, ಮೂರು ಬೆರಳು ಆಳದ ಕೆಸರಲ್ಲಿ ಮೂಗುಬೊಟ್ಟು ಸಿಕ್ತು. ಅಮ್ಮ ಅದನ್ನ ಸೆರಗಲ್ಲಿ ಒರೆಸಿ ನೋಡಿ, ಏನೂ ಮಾತಾಡದೆ ಒಳಗೆ ಹೋದ್ರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು.

ತಿರುಪು ಮಾತ್ರ ಸಿಗಲಿಲ್ಲ. ಅದು ಇನ್ನೂ ಸಣ್ಣದು, 9 ಮೈಕ್ರೋಸೆಕೆಂಡ್ ಕೂಡ ಅದಕ್ಕೆ ತಡವೇ. ಅಮ್ಮ ಅಕ್ಕಸಾಲಿಗರ ಹತ್ತಿರ ಹೊಸ ತಿರುಪು ಮಾಡಿಸಿಕೊಂಡ್ರು. ನಾವು ಈಗ 7 ಮೈಕ್ರೋಸೆಕೆಂಡ್‌ಗೆ ಇಳಿಸೋ ಕೆಲಸದಲ್ಲಿದ್ದೀವಿ. ಜೂನಿಯರ್ಸ್ ಯಾರಿಗಾದ್ರೂ ಆಸಕ್ತಿ ಇದ್ರೆ ಸಂಜೆ ಐದರ ಮೇಲೆ ಲ್ಯಾಬ್‌ಗೆ ಬನ್ನಿ. ಬರೋವಾಗ ಲೆಕ್ಕ ಮಾಡ್ಕೊಂಡು ಬನ್ನಿ, ಸರ್ ಮೊದಲು ಕೇಳೋದೇ ಅದನ್ನ.