ಹಾಡನ್ನು ಹಿಡಿದಿಡುವ ತಂತ್ರಾಂಶ: ಯಾವುದು ನಮಗೆ ತಕ್ಕುದು?

ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರೈಲುಹಾದಿಯಲ್ಲಿ, ಸಹ್ಯಾದ್ರಿಯ ಕಾಡುಗಳ ನಡುವೆ, ಗುಂಜಿ ಎಂಬ ಊರಿದೆ. ಅಂತಹ ಊರಿನ ಭಜನಾ ಮೇಳವೊಂದರ ಹಾಡುಗಳನ್ನು ಗಣಕಯಂತ್ರದಲ್ಲಿ ಮುದ್ರಿಸಿಕೊಳ್ಳಲು ಇಬ್ಬರು ವಿದ್ಯಾರ್ಥಿಗಳು ಹೊರಟರೆಂದು ಭಾವಿಸೋಣ. ಹಾಡುಗಾರರು ವೃದ್ಧರು, ಹಾಡುಗಳು ಬರೆಹದಲ್ಲಿಲ್ಲ. ಈ ಸಲ ಮುದ್ರಣ ಕೆಟ್ಟರೆ ಮತ್ತೊಮ್ಮೆ ಹಾಡಿಸುವ ಅವಕಾಶ ದೊರೆತೀತೆಂಬ ಭರವಸೆಯಿಲ್ಲ. ಅವರು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು?

ಎಲ್ಲಕ್ಕಿಂತ ಉತ್ತಮವಾದುದು ಯಾವುದೆಂದು ಕೇಳುವುದು ವಾಡಿಕೆ. ಆದರೆ ಧ್ವನಿಯ ಗುಣ ಮುಖ್ಯವಾಗಿ ತಂತ್ರಾಂಶವನ್ನು ಅವಲಂಬಿಸಿಲ್ಲ. ಮೈಕು ಗಾಳಿಯ ಒತ್ತಡದ ಏರಿಳಿತಗಳನ್ನು ವಿದ್ಯುತ್ತಿನ ಏರಿಳಿತಗಳನ್ನಾಗಿ ಮಾರ್ಪಡಿಸುತ್ತದೆ. ಪರಿವರ್ತಕವು ಅವನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕೆಗಳನ್ನಾಗಿಸುತ್ತದೆ. ನಮ್ಮ ಕಿವಿಗೆ ಕೇಳಿಸುವ ಕಂಪನಗಳ ಮೇಲಿನ ಮಿತಿ ಸೆಕೆಂಡಿಗೆ ಸುಮಾರು 20,000. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯುವುದರಿಂದ ಕೇಳಿಸುವ ಸ್ವರವಾವುದೂ ಬಿಟ್ಟುಹೋಗದು. ಮುದ್ರಣದ ವೇಳೆ ತಂತ್ರಾಂಶವು ಈ ಅಂಕೆಗಳನ್ನು ಬರೆದಿಡುತ್ತದೆ, ಅಷ್ಟೆ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಹಾಡಿನೊಡನೆ ಬೆರೆತರೆ ಹಾಡಿಗೆ ಧಕ್ಕೆಯಾಗದಂತೆ ಅದನ್ನು ಪೂರ್ತಿ ತೆಗೆಯುವುದು ಬಲು ಕಷ್ಟ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ?

ಈ ಕ್ರಮಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು, ತುಣುಕುಗಳನ್ನು ಜೋಡಿಸಿ ಹಾಡು ಕಟ್ಟುವುದು. 2001ರಲ್ಲಿ ಹೊರಬಂದ ಏಬಲ್ಟನ್ ಲೈವ್ ಇದಕ್ಕೆ ಹೇಳಿಮಾಡಿಸಿದಂತಿದೆ. ಅದು ಕಾಲವನ್ನು ತಾಳದ ಸಮಮನೆಗಳನ್ನಾಗಿ ವಿಭಜಿಸಿ, ತುಣುಕುಗಳನ್ನು ಒಂದೇ ಲಯಕ್ಕೆ ಹೊಂದಿಸುತ್ತದೆ. ಭಜನೆಯಾದರೋ ನಿಧಾನವಾಗಿ ಆರಂಭವಾಗಿ ಕ್ರಮೇಣ ವೇಗವನ್ನು ಪಡೆಯುತ್ತದೆ. ಅದನ್ನು ಸಮಮನೆಗಳಿಗೆ ಎಳೆದು ಕೂರಿಸಿದರೆ ಭಜನೆಯ ಜೀವವೇ ಹೋಗುತ್ತದೆ. ಇಲ್ಲಿ ಬೇಕಾದುದು ಮಿನಿಟು ಸೆಕೆಂಡುಗಳ ಅಳತೆ.

ಎರಡನೆಯದು, ಮೊದಲು ಮುದ್ರಿಸಿದುದನ್ನು ಕೇಳುತ್ತ, ಅದರ ಮೇಲೆ ಪದರ ಪದರವಾಗಿ ಹಾಡುವುದು. ಇದರಲ್ಲಿ ವಿಳಂಬವನ್ನು ಗಮನಿಸಬೇಕು. ಗಣಕಯಂತ್ರವು ಒಮ್ಮೆಗೆ 480 ಅಳತೆಗಳನ್ನು ಕೂಡಿಹಾಕಿಕೊಂಡರೆ ಸೆಕೆಂಡಿನ ನೂರನೆಯ ಒಂದು ಭಾಗ ತಡವಾಗುತ್ತದೆ. ಅಷ್ಟು ಹೊತ್ತಿನಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 3.4 ಮೀಟರು ಸಾಗುತ್ತದೆ.

ಮೂರನೆಯದೇ ನಮ್ಮ ವಿದ್ಯಾರ್ಥಿಗಳದು: ಎಲ್ಲರೂ ಕೂಡಿ ಹಾಡುವುದನ್ನು ಒಂದೇ ಸಲಕ್ಕೆ ಹಿಡಿಯುವುದು. ಒಂದೆರಡು ಮೈಕುಗಳಿಂದ ಮುದ್ರಿಸಿ ಹಾಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಡುವುದಷ್ಟೇ ಉದ್ದೇಶವಾದರೆ, 2000ದಲ್ಲಿ ಬಿಡುಗಡೆಯಾದ ಆಡಾಸಿಟಿ ಸಾಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಾಡುಗಾರ, ಹಾರ್ಮೋನಿಯಂ, ಪಖವಾಜ, ತಾಳ ಇವುಗಳಿಗೆ ಬೇರೆ ಬೇರೆ ಮೈಕಿಟ್ಟು, ಆಮೇಲೆ ಒಂದೊಂದರ ಪ್ರಮಾಣವನ್ನು ಹದಗೊಳಿಸಬೇಕಾದರೆ ಆರ್ಡರ್, ರೀಪರ್ ಮುಂತಾದುವು ಅನುಕೂಲ. ಹೀಗೆ ನಾಲ್ಕು ಮೈಕುಗಳ ಧ್ವನಿಯನ್ನು 24 ಬಿಟ್ಟುಗಳ ಅಳತೆಯಲ್ಲಿ ಒಂದು ಗಂಟೆ ಮುದ್ರಿಸಲು ಸುಮಾರು 2 ಗಿಗಾಬೈಟು ಸ್ಥಳ ಬೇಕಾಗುತ್ತದೆ.

ಕೊನೆಯದಾಗಿ ಮತ್ತೊಂದು ವಿಚಾರ. ತಂತ್ರಾಂಶವು ತನ್ನದೇ ರೀತಿಯಲ್ಲಿ ಉಳಿಸುವ ಕಡತವನ್ನು ಬೇರೊಂದು ತಂತ್ರಾಂಶ ಸಾಮಾನ್ಯವಾಗಿ ಓದಲಾರದು. ಆದಕಾರಣ ಪ್ರತಿಯೊಂದು ಮೈಕಿನ ಧ್ವನಿಯನ್ನೂ ಎಲ್ಲೆಡೆ ಬಳಕೆಯಲ್ಲಿರುವ ವೇವ್ ಕಡತವಾಗಿ ಹೊರತೆಗೆದು, ಎರಡು ಕಡೆ ಇರಿಸತಕ್ಕದ್ದು. ಆರಿಸಿದ ತಂತ್ರಾಂಶದಲ್ಲಿ ಮನೆಯಲ್ಲಿಯೇ ಹತ್ತು ಮಿನಿಟು ಮುದ್ರಿಸಿ, ಕತ್ತರಿಸಿ, ಹೊರತೆಗೆದು, ಇನ್ನೊಂದು ಯಂತ್ರದಲ್ಲಿ ಕೇಳಿನೋಡಬೇಕು. ಈ ಪರೀಕ್ಷೆ ತೊಡಕಿಲ್ಲದೆ ಮುಗಿದರೆ ಆ ತಂತ್ರಾಂಶ ನಮಗೆ ತಕ್ಕುದೆಂದು ತಿಳಿಯಬಹುದು. ಹಾಡುಗಾರರ ಮುಂದೆ ಮೈಕನ್ನಿಡಲು ಆಗ ಅಂಜಬೇಕಾಗಿಲ್ಲ.